ಗಡಿಯಲ್ಲಿ ಯುದ್ಧ, ಮನೆಯಲ್ಲಿ ಮಕ್ಕಳು: ಹಿರಿಯರು ಏನು ಮಾಡಬೇಕು?

ಮುಂಬೈ, ಪುಣೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಒಬ್ಬರ ಮಗ ಸೈನ್ಯದಲ್ಲಿದ್ದರೆ ಇನ್ನೊಬ್ಬರ ಅಳಿಯ ಹಡಗಿನಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ಇರುತ್ತಾನೆ. ಆದ್ದರಿಂದ ಯುದ್ಧ ಎಷ್ಟೇ ದೂರದಲ್ಲಿ ನಡೆದರೂ ಅದರ ಆತಂಕ ಖಡಕಿಯ ಕ್ವಾರ್ಟರ್ಸ್‌ಗೂ ಡೊಂಬಿವಲಿಯ ಚಾಳಿಗೂ ಬಂದೇ ಬರುತ್ತದೆ. ಭಾರತ-ಪಾಕಿಸ್ತಾನ ಸಂಘರ್ಷದ ಹೊತ್ತಿನಲ್ಲಿ, 2025ರ ಮೇ 7ರಂದು, ಈ ಎರಡೂ ನಗರಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆದಾಗ ‘ಇಲ್ಲಿಗೂ ಬಾಂಬ್ ಬೀಳುತ್ತದೆಯೇ’ ಎಂಬುದು ಮಕ್ಕಳ ಸಹಜ ಪ್ರಶ್ನೆಯಾಗಿತ್ತು.

ಮೊದಲು ಮಾಡಬೇಕಾದದ್ದು ಟಿವಿಗೆ ಹೊತ್ತು ಗೊತ್ತುಪಡಿಸುವುದು. ಒಂದೇ ಕೋಣೆಯ ಮನೆಯಲ್ಲಿ ಅಜ್ಜ ನೋಡುವ ವಾರ್ತೆಯನ್ನೇ ಮೂರು ವರ್ಷದ ಮೊಮ್ಮಗಳೂ ನೋಡುತ್ತಾಳೆ. ಒಂದು ಸ್ಫೋಟದ ದೃಶ್ಯವನ್ನು ಹತ್ತು ಸಲ ತೋರಿಸಿದರೆ ಅವಳ ಪಾಲಿಗೆ ಅವು ಹತ್ತು ಸ್ಫೋಟಗಳು. ಕಾರ್ಯಕ್ರಮಗಳಲ್ಲಿ ಸೈರನ್ ಸದ್ದನ್ನು ಬಳಸಬೇಡಿರೆಂದು ಆ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವೇ ವಾಹಿನಿಗಳಿಗೆ ಸೂಚಿಸಬೇಕಾಯಿತು. ಮಕ್ಕಳು ಮಲಗಿದ ಮೇಲೆ ಹಿರಿಯರು ಅರ್ಧ ಗಂಟೆ ವಾರ್ತೆ ನೋಡಿದರೆ ಯಾವ ಮುಖ್ಯ ಸುದ್ದಿಯೂ ತಪ್ಪಿಹೋಗುವುದಿಲ್ಲ.

ಆಮೇಲೆ ಮಾತು. ವಿವರಿಸಲು ತೊಡಗುವ ಮೊದಲು ‘ನೀನು ಏನು ಕೇಳಿದ್ದೀಯ, ಪುಟ್ಟಾ?’ ಎಂದು ಕೇಳಬೇಕು, ಏಕೆಂದರೆ ಮಗುವಿನ ಭಯ ಅನೇಕ ಸಲ ನಾವು ಊಹಿಸಿದ್ದಕ್ಕಿಂತ ಬೇರೆಯೇ ಆಗಿರುತ್ತದೆ: ಸ್ಕೂಲ್ ಬಸ್ ಬಾರದಿದ್ದರೆ ತನ್ನನ್ನು ಯಾರು ಕರೆತರುತ್ತಾರೆ ಎಂಬಷ್ಟೇ ಅದರ ಚಿಂತೆಯಾಗಿರಬಹುದು. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸಿ, ಸುಳ್ಳು ಭರವಸೆ ಕೊಡದಿರುವುದು ಮೇಲು. ಗಡಿಗೆ ಹೋದ ಸೈನಿಕನ ಮಗಳಿಗೆ ‘ಅಪ್ಪ ರಾತ್ರಿ ಫೋನ್ ಮಾಡುತ್ತಾರೆ’ ಎಂದು ಹೇಳಿಬಿಟ್ಟರೆ, ನೆಟ್‌ವರ್ಕ್ ಸಿಗದ ಆ ರಾತ್ರಿ ಅವಳಿಗೆ ಅಪ್ಪನ ಬಗ್ಗೆಯೂ ಭಯ, ಅಮ್ಮನ ಮಾತಿನ ಬಗ್ಗೆಯೂ ಅಪನಂಬಿಕೆ. ‘ಯಾವಾಗ ಮಾಡುತ್ತಾರೋ ನನಗೂ ಗೊತ್ತಿಲ್ಲ ಮಗಳೇ, ಫೋನ್ ಬಂದ ಕೂಡಲೇ ನಿನ್ನನ್ನು ಎಬ್ಬಿಸುತ್ತೇನೆ’ ಎನ್ನುವುದು ನಿಜವೂ ಹೌದು, ಸಮಾಧಾನವೂ ಹೌದು.

ನಮ್ಮವರಲ್ಲಿ ಇಂಥ ಹೊತ್ತಿನಲ್ಲಿ ತಟ್ಟನೆ ಹೊಳೆಯುವ ಉಪಾಯವೆಂದರೆ ಮಕ್ಕಳನ್ನು ಊರಿಗೆ ಕಳಿಸಿಬಿಡುವುದು. ಮತ್ಸ್ಯಗಂಧ ರೈಲಿಗೆ ಟಿಕೆಟ್ ಸಿಕ್ಕಿದರೆ ಅರ್ಧ ಚಿಂತೆ ಕಳೆಯಿತು ಎಂಬ ಭಾವನೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕೆಂದು ನನ್ನ ಬಿನ್ನಹ. ಎರಡನೇ ಮಹಾಯುದ್ಧ ಶುರುವಾದ 1939ರ ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಬ್ರಿಟನ್ ಸುಮಾರು 15 ಲಕ್ಷ ಜನರನ್ನು, ಅವರಲ್ಲಿ ಹೆಚ್ಚಿನವರು ಮಕ್ಕಳು, ನಗರಗಳಿಂದ ಹಳ್ಳಿಗಳಿಗೆ ಸಾಗಿಸಿತು. ಆ ಯುದ್ಧಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಶಿಶುಧಾಮಗಳನ್ನು ನಡೆಸಿದ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ದಿನವೂ ಮಕ್ಕಳನ್ನು ಗಮನಿಸಿ ಕಂಡುಕೊಂಡದ್ದೇನೆಂದರೆ, ತಾಯಿಯ ಮಗ್ಗುಲಲ್ಲಿದ್ದ ಎಳೆಯ ಮಗು ಬಾಂಬ್ ದಾಳಿಯನ್ನೂ ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ, ಆದರೆ ಸುರಕ್ಷಿತ ಜಾಗದಲ್ಲಿದ್ದರೂ ತಾಯಿಯಿಂದ ಬೇರೆಯಾದ ಮಗು ಹೆಚ್ಚು ನಲುಗುತ್ತದೆ. ಪ್ರಾಣಕ್ಕೇ ಅಪಾಯವಿರುವ ಕಡೆ ಸ್ಥಳಾಂತರ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬರಿಯ ಗಾಬರಿಗೆ ಕಳಿಸುವುದಾದರೆ ಮಾತ್ರ ತಾಯಿಯೋ ಮಗುವಿಗೆ ಚೆನ್ನಾಗಿ ಒಗ್ಗಿದ ಅಜ್ಜಿಯೋ ಜೊತೆಗಿರಲಿ. ಅದಾಗದಿದ್ದರೆ ಮಗು ಇಲ್ಲೇ ಇದ್ದು, ಎಂದಿನ ಹೊತ್ತಿಗೆ ಸ್ನಾನ, ಟ್ಯೂಷನ್, ಊಟ ಮುಗಿಸಿ ಮಲಗಲಿ.

ಕಟ್ಟಡದ ಮಕ್ಕಳು ಕೆಳಗೆ ಯುದ್ಧದಾಟ ಆಡಿದರೆ ಗದರಬೇಕಾಗಿಲ್ಲ, ಆಟದಲ್ಲೇ ಅವರ ಭಯ ಅರ್ಧ ಕರಗುತ್ತದೆ. ಆದರೆ ‘ಶತ್ರು’ವಿನ ಪಾತ್ರ ಪ್ರತಿದಿನವೂ ಒಬ್ಬನೇ ಹುಡುಗನ ಪಾಲಿಗೆ, ಅದೂ ಅವನ ಹೆಸರಿನ ಅಥವಾ ಧರ್ಮದ ಕಾರಣಕ್ಕೆ ಬರುತ್ತಿದ್ದರೆ, ದೊಡ್ಡವರು ಅಂದೇ ಕೆಳಗಿಳಿದು ಆಟವನ್ನು ತಿದ್ದಬೇಕು.

ತಾಯಿಗೂ ಆಸರೆ ಬೇಕು. ನೆರೆಯವರು ‘ಏನಾದರೂ ಬೇಕಿದ್ದರೆ ಹೇಳಿ’ ಎಂದು ಹೋಗಿಬಿಡುವುದಕ್ಕಿಂತ, ‘ಅಕ್ಕಾ, ನಾಳೆ ಮಗುವನ್ನು ಶಾಲೆಗೆ ನಾನೇ ಬಿಡುತ್ತೇನೆ, ನೀವು ಸ್ವಲ್ಪ ಮಲಗಿ’ ಎಂದರೆ ಕೆಲಸವಾಗುತ್ತದೆ. ಅವರ ಯಜಮಾನರ ತುಕಡಿ ಈಗ ಎಲ್ಲಿದೆ ಎಂದು ವಿಚಾರಿಸುವುದು ಬೇಡ. ಅದು ಅವರಿಗೆ ಸಂಕಟ, ಸೇನೆಗೂ ಅಪಾಯ.

ರಾತ್ರಿ ಹಾಸಿಗೆ ಒದ್ದೆಯಾಗುವುದು, ಅಮ್ಮನ ಸೆರಗು ಬಿಡದಿರುವುದು, ಹೊಟ್ಟೆನೋವೆಂದು ಶಾಲೆ ತಪ್ಪಿಸುವುದು ಕೆಲವು ವಾರ ಇದ್ದು ತಾವಾಗಿಯೇ ಹೋಗಬಹುದು, ಅದಕ್ಕಾಗಿ ಮಗುವನ್ನು ನಾಚಿಸಬಾರದು. ತಿಂಗಳು ಕಳೆದರೂ ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಮಾತನ್ನು ಮಗು ಒಂದೇ ಒಂದು ಸಲ ಆಡಿದರೂ ಅದನ್ನು ಒಂಟಿಯಾಗಿ ಬಿಡದೆ ಅಂದೇ ನೆರವು ಪಡೆಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತನಾಡುವ ಅನುಕೂಲವಿರುವುದರಿಂದ ಮರಾಠಿ, ಹಿಂದಿ ಸರಾಗವಾಗಿ ಬಾರದ ಅಜ್ಜಿಯೂ ಮೊಮ್ಮಗನ ಪರವಾಗಿ ಫೋನ್ ಮಾಡಬಹುದು.