ಮೊದಲ ಬಲ್ಬೇ ಜಾಸ್ತಿ ಉರಿಯುತ್ತೆ ಮೇಡಂ

ನಾನು ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮೂರು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿದೆ. ಡ್ಯಾಮಿನಿಂದ ಹೊರಟ ಈ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಸುಮಾರು 227 ಕಿಲೋಮೀಟರ್ ಹರಿಯುತ್ತದೆ. ಮೇಲ್ಭಾಗದವರು ಭತ್ತಕ್ಕೆ ನೀರು ಹಾಯಿಸಿಕೊಂಡು ಉಳಿದದ್ದು ನಮಗೆ. ಎಷ್ಟೋ ವರ್ಷ ಉಳಿಯುವುದೇ ಇಲ್ಲ. ವಿಜ್ಞಾನ ಪಾಠದ ಮಾತಿನಲ್ಲಿ ಕಾಲುವೆ ಯಾಕೆ ಬಂತು ಅಂದರೆ, ನನ್ನ ಮಕ್ಕಳ ತಲೆಯಲ್ಲಿ ಕರೆಂಟ್ ಹರಿಯುತ್ತಿದ್ದದ್ದು ಇದೇ ಕಾಲುವೆಯ ಹಾಗೆ. ಅದು ನನಗೆ ಗೊತ್ತಾಗಿದ್ದು ಒಂದು ಮೊಬೈಲ್ ಮತ್ತು ಹಳೆಯ ಲಗ್ನಪತ್ರಿಕೆಗಳಿಂದ.

ಅದಕ್ಕೂ ಮುಂಚೆ ನಮ್ಮ ಶಾಲೆಗೆ ದಾನವಾಗಿ ಒಂದು ಪ್ರೊಜೆಕ್ಟರ್ ಬಂದಿತ್ತು. ಎಲ್ಲರಿಗೂ ಖುಷಿ. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿ ವಿಡಿಯೋ ಹಾಕುತ್ತಿದ್ದೆ. ಮಾರ್ಚ್ ಬಂದರೆ ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಕಂಬಳಿ ಕಟ್ಟಿದ ಕೋಣೆಯಲ್ಲಿ ಮಕ್ಕಳು ಬೆವರಿ ಒದ್ದೆಯಾಗುತ್ತಿದ್ದರು. ಆದರೂ ಗಲಾಟೆ ಇಲ್ಲ, ಎಲ್ಲರ ಕಣ್ಣೂ ಪರದೆಯ ಮೇಲೆ. ಪಾಠ ಚೆನ್ನಾಗಿ ಆಗುತ್ತಿದೆ ಅಂದುಕೊಂಡೆ. ಮರುದಿನ ಅದೇ ವಿಷಯದ ಮೇಲೆ ಪ್ರಶ್ನೆ ಕೇಳಿದರೆ ಎಂದಿನ ನಾಲ್ಕು ಕೈ ಮಾತ್ರ ಮೇಲೆ. ಆಮೇಲೆ ಒಂದು ದಿನ ವೋಲ್ಟೇಜ್ ಏರುಪೇರಾಗಿ ಪ್ರೊಜೆಕ್ಟರ್ ಸುಟ್ಟುಹೋಯಿತು. ಸ್ಟೆಬಿಲೈಜರ್ ಇಲ್ಲದೆ ಹಳ್ಳಿ ಶಾಲೆಯಲ್ಲಿ ಇಂಥ ಯಂತ್ರ ಹಚ್ಚಬೇಡಿ, ಇದು ನನ್ನ ಮೊದಲ ಮಾತು.

ಆ ನಾಲ್ಕು ಕೈ ನನ್ನನ್ನು ಬಿಡಲಿಲ್ಲ. ಉಳಿದ ನಲವತ್ತು ಚಿಲ್ಲರೆ ಮಕ್ಕಳು ಏನು ಯೋಚಿಸುತ್ತಿದ್ದಾರೆ? ತಪ್ಪಾದರೆ ನಗ್ತಾರೆ ಅನ್ನುವ ಹೆದರಿಕೆಯಲ್ಲಿ ಬಾಯಿ ಬಿಡದ ಹುಡುಗಿಯರು ನಮ್ಮಲ್ಲಿ ಜಾಸ್ತಿ. ಅವರ ಉತ್ತರವೂ ನನಗೆ ಬೇಕಿತ್ತು.

ಮಕ್ಕಳ ಮನೆಯ ಫೋನಿಗೆ ಗೂಗಲ್ ಫಾರ್ಮಿನಲ್ಲಿ ಪ್ರಶ್ನೆ ಕಳಿಸಿ ನೋಡಿದೆ. ಎರಡೇ ವಾರಕ್ಕೆ ನಿಲ್ಲಿಸಿದೆ. ಕೆಲವರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲ. ಇದ್ದರೂ ಅದು ಅಪ್ಪನ ಜೇಬಿನಲ್ಲಿ, ಇಲ್ಲವೇ ಅಣ್ಣನ ಕೈಯಲ್ಲಿ. ಫಾರ್ಮ್ ತುಂಬದವರ ಹೆಸರು ಕೂಗಿದಾಗ ಒಬ್ಬಳು ತಲೆ ಎತ್ತಲೇ ಇಲ್ಲ. ಮಗುವಿಗೆ ತನ್ನ ಮನೆಯ ಬಡತನ ನೆನಪಿಸುವ ಸಾಧನ ನನ್ನ ತರಗತಿಗೆ ಬೇಡ ಅಂತ ಅವತ್ತೇ ತೀರ್ಮಾನ ಮಾಡಿದೆ.

ಆಮೇಲೆ ಸಿಕ್ಕಿದ್ದು ಪ್ಲಿಕರ್ಸ್ ಅನ್ನುವ ಆ್ಯಪ್. ಇದರಲ್ಲಿ ಫೋನ್ ಬೇಕಾದದ್ದು ಶಿಕ್ಷಕರಿಗೆ ಮಾತ್ರ. ಮಕ್ಕಳ ಕೈಯಲ್ಲಿ ಕಾಗದದ ಒಂದು ಕಾರ್ಡ್. ಅದರ ಮೇಲೆ ಕಪ್ಪು ಚೌಕಗಳ ಒಂದು ಚಿತ್ರ ಇರುತ್ತದೆ, ಒಬ್ಬೊಬ್ಬರದು ಒಂದೊಂದು ಥರ. ನಾಲ್ಕು ಬದಿಗೆ ಎ, ಬಿ, ಸಿ, ಡಿ ಅಂತ ಸಣ್ಣ ಅಕ್ಷರ. ತನ್ನ ಉತ್ತರದ ಬದಿ ಮೇಲೆ ಬರುವಂತೆ ಮಗು ಕಾರ್ಡ್ ಹಿಡಿಯಬೇಕು. ನಾನು ಮೊಬೈಲ್ ಕ್ಯಾಮೆರಾವನ್ನು ತರಗತಿಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿದರೆ ಯಾರು ಏನು ಹೇಳಿದರು ಅನ್ನುವುದು ಪರದೆಯ ಮೇಲೆ ಬರುತ್ತದೆ. ಅಕ್ಷರ ತೀರಾ ಸಣ್ಣದು, ಚಿತ್ರಗಳೂ ಬೇರೆ ಬೇರೆ. ಹಾಗಾಗಿ ಪಕ್ಕದವರ ಉತ್ತರ ನೋಡಿ ಬರೆಯುವ ಹಾಗಿಲ್ಲ. ತಪ್ಪು ಹೇಳಿದವರು ಯಾರು ಅಂತ ನನಗೊಬ್ಬಳಿಗೇ ಗೊತ್ತು.

ಕಾರ್ಡುಗಳನ್ನು ಅವರ ವೆಬ್‌ಸೈಟಿನಿಂದ ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಮಕ್ಕಳು ಮನೆಯಿಂದ ಹಳೆಯ ಲಗ್ನಪತ್ರಿಕೆ ತಂದು ಹಿಂದೆ ರಟ್ಟಿನ ಹಾಗೆ ಅಂಟಿಸಿದರು. ಹೊಳಪಿನ ಲ್ಯಾಮಿನೇಶನ್ ಮಾಡಿಸಬೇಡಿ, ಕಿಟಕಿಯ ಬೆಳಕು ಬಿದ್ದು ಮಿಂಚಿದರೆ ಕ್ಯಾಮೆರಾ ಓದುವುದಿಲ್ಲ. ಬೆರಳು ಚಿತ್ರದ ಮೇಲೆ ಬಂದರೂ ಓದುವುದಿಲ್ಲ, ಅಂಚು ಹಿಡಿಯಲು ಕಲಿಸಿ. ಆ್ಯಪಿನಲ್ಲಿ ನಾನು ಮಕ್ಕಳ ಹೆಸರು ಹಾಕಿಲ್ಲ, ಬರೀ ಹಾಜರಿ ನಂಬರ್. ನಮ್ಮ ಮಕ್ಕಳ ಹೆಸರು ಎಲ್ಲಿಯದೋ ಕಂಪ್ಯೂಟರಿನಲ್ಲಿ ಕೂರುವ ಅಗತ್ಯವಿಲ್ಲ. ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆದರೂ ಸಾಕು, ದೊಡ್ಡ ಪರದೆ ಬೇಕೇ ಬೇಕು ಅಂತಿಲ್ಲ.

ಹತ್ತನೇ ತರಗತಿಯ ವಿದ್ಯುತ್ ಪಾಠದ ದಿನ ಹಲಗೆಯ ಮೇಲೆ ಒಂದು ಬ್ಯಾಟರಿ, ಒಂದರ ಹಿಂದೆ ಒಂದು ಎರಡು ಬಲ್ಬ್ ಬರೆದೆ. ಎರಡೂ ಒಂದೇ ಥರದ ಬಲ್ಬ್. ಯಾವುದು ಹೆಚ್ಚು ಬೆಳಗುತ್ತದೆ? ಎ: ಮೊದಲನೆಯದು. ಬಿ: ಎರಡನೆಯದು. ಸಿ: ಎರಡೂ ಸಮ. ಡಿ: ಎರಡೂ ಉರಿಯುವುದಿಲ್ಲ. ಸರಣಿ ಜೋಡಣೆ ಪಾಠ ಆಗಲೇ ಮುಗಿದಿತ್ತು. ಲೆಕ್ಕಗಳನ್ನೂ ಮಾಡಿಸಿದ್ದೆ, ಸುಮಾರು ಮಕ್ಕಳು ಸರಿಯಾಗಿಯೇ ಬಿಡಿಸಿದ್ದರು. ಆದರೆ ಕ್ಯಾಮೆರಾ ತಿರುಗಿಸಿದಾಗ ನಾಲ್ಕರಲ್ಲಿ ಮೂವರ ಉತ್ತರ ಎ.

ಉತ್ತರ ಹೇಳಲಿಲ್ಲ. ಯಾಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದ.

"ಮೊದಲ ಬಲ್ಬೇ ಜಾಸ್ತಿ ಉರಿಯುತ್ತೆ ಮೇಡಂ. ಕಾಲುವಿ ಇದ್ದಂಗ ಅಲ್ಲೇನ್ರಿ? ಮ್ಯಾಲಿನವ್ರು ತಗೊಂಡ್ ಮ್ಯಾಲೆ ನಮಗೇನ್ ಉಳಿತೈತ್ರಿ?"

ಎಷ್ಟೋ ತಲೆಗಳು ಹೌದು ಹೌದು ಅಂದವು. ನನಗೆ ಮೈ ಜುಮ್ಮೆಂದಿತು. ಇದು ಗೊತ್ತಿಲ್ಲದ ಹುಡುಗನ ಮಾತಲ್ಲ. ತನ್ನ ಹೊಲದಲ್ಲಿ ಕಂಡದ್ದನ್ನೇ ಅವನು ತಂತಿಗೆ ಹಚ್ಚಿ ನೋಡಿದ್ದ. ಬಲ್ಬು ಕರೆಂಟನ್ನು ತಿಂದುಬಿಡುತ್ತದೆ ಅನ್ನುವ ತಪ್ಪು ಕಲ್ಪನೆ ಎಷ್ಟೋ ದೇಶಗಳ ಮಕ್ಕಳಲ್ಲೂ ಇದೆ, ನಾನೂ ಓದಿದ್ದೆ. ಆದರೆ ನನ್ನ ತರಗತಿಯಲ್ಲಿ ಅದರ ಬೇರು ಕಾಲುವೆಯಲ್ಲಿದೆ ಅಂತ ಗೊತ್ತಿರಲಿಲ್ಲ. ಪ್ರತಿ ವರ್ಷ ನಾನೇ "ಕರೆಂಟ್ ಅಂದರೆ ನೀರು ಹರಿದ ಹಾಗೆ" ಅಂತ ಪಾಠ ಶುರು ಮಾಡುತ್ತಿದ್ದೆ, ಅಲ್ವಾ!

ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಿ ಅಂದೆ. ಆಮೇಲೆ ಮತ್ತೆ ಕಾರ್ಡ್. ಹೀಗೆ ಮೊದಲು ಉತ್ತರ, ಆಮೇಲೆ ಮಾತುಕತೆ, ಮತ್ತೆ ಉತ್ತರ ಅನ್ನುವ ಕ್ರಮವನ್ನು 1990ರ ದಶಕದಲ್ಲಿ ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ ತಮ್ಮ ತರಗತಿಯಲ್ಲಿ ರೂಢಿಗೆ ತಂದರು. ಅಲ್ಲಿನ ಕಾಲೇಜಿಗೂ ನಮ್ಮ ಹೈಸ್ಕೂಲಿಗೂ ಎಲ್ಲಿಂದೆಲ್ಲಿಯ ಸಂಬಂಧ ಅನ್ನಿಸಬಹುದು. ಆದರೆ ಮಕ್ಕಳು ಮಕ್ಕಳ ಮಾತನ್ನು ಬೇಗ ಹಿಡಿಯುತ್ತಾರೆ. ಎರಡನೇ ಸಲ ಸರಿ ಉತ್ತರವಾದ ಸಿ ಸ್ವಲ್ಪ ಹೆಚ್ಚಾಯಿತು. ಆದರೂ ಎ ಮುಂದೆಯೇ ಇತ್ತು.

ಆಗ ಟಾರ್ಚಿನ ಎರಡು ಬಲ್ಬ್, ಸೆಲ್, ತಂತಿ ತೆಗೆದೆ. ಜೋಡಿಸಿದರೆ ನಿಜವಾಗಿಯೂ ಮೊದಲ ಬಲ್ಬೇ ಹೆಚ್ಚು ಬೆಳಗಿತು! ತರಗತಿ ಚಪ್ಪಾಳೆ ಹೊಡೆಯಿತು. ನನ್ನ ಕೈಕಾಲು ಒಂದು ಕ್ಷಣ ತಣ್ಣಗಾದವು. ಆಮೇಲೆ ಹೊಳೆಯಿತು, ಬಲ್ಬುಗಳನ್ನು ಅದಲುಬದಲು ಮಾಡಿ ಅಂತ ಒಬ್ಬಳಿಗೆ ಕೊಟ್ಟೆ. ಈಗ ಹೆಚ್ಚು ಬೆಳಗಿದ್ದು ಎರಡನೇ ಜಾಗದಲ್ಲಿದ್ದ ಬಲ್ಬ್. ಅಂದರೆ ವ್ಯತ್ಯಾಸ ಜಾಗದ್ದಲ್ಲ, ಬಲ್ಬಿನದು. ಎರಡೂ ಬೇರೆ ಬೇರೆ ಕಂಪನಿಯವು, ಒಳಗಿನ ತಂತಿಯ ರೋಧ ಒಂದೇ ಇರಲಿಲ್ಲ. ಆ ಹುಡುಗ ಮುಂದೆ ಬಂದು ತಾನೇ ಮೂರು ಸಲ ಬದಲಿಸಿ ನೋಡಿದ.

ಇಷ್ಟಾದರೂ ಒಂದು ತೊಡಕು ಉಳಿಯಿತು. ತಂತಿಯ ಒಳಗೆ ಏನು ನಡೆಯುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ನನಗೆ ಪರದೆ ಬೇಕಾಯಿತು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಕಾರ್ಲ್ ವೈಮನ್ ಶುರು ಮಾಡಿದ ಫೆಟ್ ಅನ್ನುವ ಯೋಜನೆ ಇದೆ. ಹಿಂದಿನ ವರ್ಷವೇ ಭೌತವಿಜ್ಞಾನದ ನೊಬೆಲ್ ಪಡೆದಿದ್ದವರು ಅವರು. ಫೆಟ್‌ನ ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೆಯೇ ಮಾಡಿ ನೋಡುವ ಪ್ರಯೋಗಗಳು, ಉಚಿತ, ಹಲವು ಕನ್ನಡದಲ್ಲೂ ಇವೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತವೆ. ನಮ್ಮ ಶಾಲೆಯಲ್ಲಿ ಬೇವಿನ ಮರದ ಕೆಳಗೆ ನಿಂತರೆ ಮಾತ್ರ ಸಿಗ್ನಲ್, ಹಾಗಾಗಿ ಇದು ನನಗೆ ದೊಡ್ಡ ವಿಷಯ.

ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಶನ್ನನ್ನು ಲ್ಯಾಪ್‌ಟಾಪಿನಲ್ಲಿ ತೆಗೆದೆ. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಕೊಡಿಸಿದ ಟಿವಿಗೆ ವೈರ್ ಹಾಕಿದೆ. ಟಿವಿಗೆ ಕಂಬಳಿಯ ಕತ್ತಲು ಬೇಕಿಲ್ಲ. ಮಕ್ಕಳೇ ಬಂದು 9 ವೋಲ್ಟ್ ಬ್ಯಾಟರಿ, 10 ಓಮ್‌ನ ಎರಡು ಬಲ್ಬ್ ಜೋಡಿಸಿದರು. ಮೊದಲ ಬಲ್ಬಿನ ಹಿಂದೆ, ಎರಡರ ನಡುವೆ, ಎರಡನೆಯದರ ಮುಂದೆ ಕರೆಂಟ್ ಅಳೆಯುವ ಅಮ್ಮೀಟರ್ ಇಟ್ಟರು. ಇಡುವ ಮುಂಚೆ ಪ್ರತಿ ಸಲ "ಎಷ್ಟು ತೋರಿಸುತ್ತೆ, ಬರೆದುಕೊಳ್ಳಿ" ಅಂದೆ. ಮೂರು ಕಡೆಯೂ 0.45 ಆಂಪಿಯರ್. ಎಲೆಕ್ಟ್ರಾನುಗಳು ಬಲ್ಬ್ ದಾಟಿ ಅದೇ ವೇಗದಲ್ಲಿ ಬ್ಯಾಟರಿಗೆ ವಾಪಸ್ ಹೋಗುವುದು ಪರದೆಯ ಮೇಲೆ ಕಾಣುತ್ತಿತ್ತು.

"ನೀರು ಹೊಲದಾಗ ಇಂಗಿ ಹೋಗತೈತ್ರಿ. ಇದು ಇಂಗಂಗಿಲ್ಲ, ತಿರುಗಿ ಬರತೈತಿ" ಅಂದಳು ಒಬ್ಬಳು. ಅದುವರೆಗೂ ಕಾರ್ಡ್ ಬಿಟ್ಟು ಬಾಯಿಂದ ಉತ್ತರ ಹೇಳದ ಹುಡುಗಿ. ಹಾಗಾದರೆ ಬಲ್ಬು ತೆಗೆದುಕೊಳ್ಳುವುದೇನು? ಅಲ್ಲಿಂದ ಶಕ್ತಿಯ ಮಾತು ತಾನಾಗಿ ಬಂತು. ಒಂದು ಬಲ್ಬ್ ತೆಗೆದು ಆ ಜಾಗಕ್ಕೆ ತಂತಿ ಹಾಕಿದಾಗ ಅಮ್ಮೀಟರಿನ ಓದು 0.90 ಆಯಿತು. "ಬ್ಯಾಟರಿ ಅದೇ ಐತಿ, ಕರೆಂಟ್ ಹೆಂಗ ಹೆಚ್ಚಾತು?" ಅಂತ ಇನ್ನೊಂದು ಜಗಳ. ರೋಧ ಅರ್ಧವಾದರೆ ಕರೆಂಟ್ ಎರಡರಷ್ಟು ಅನ್ನುವ ಓಮ್‌ನ ನಿಯಮದ ಲೆಕ್ಕವನ್ನು ನಾನು ಹೇಳದೆ ಅವರೇ ಹಾಕಿದ ದಿನ ಅದು. ಎರಡು ಪಿರಿಯಡ್ ಹೋಯಿತು. ಪಾಠ ಹಿಂದೆ ಬೀಳುತ್ತದೆ ಅನ್ನುವವರಿಗೆ ನನ್ನ ಉತ್ತರ, ಹಿಂದಿನ ಮೂರು ಪಿರಿಯಡ್ಡಿನ ಪಾಠ ಮಕ್ಕಳ ತಲೆಗೆ ಹತ್ತಿರಲೇ ಇಲ್ಲ.

ಒಂದು ಎಚ್ಚರಿಕೆ ಇದೆ. ಸಿಮ್ಯುಲೇಶನ್ ಮೊದಲು ತೋರಿಸಿದ್ದರೆ ಮಕ್ಕಳು ಟಿವಿ ಹೇಳಿದ್ದು ಸರಿ ಅಂತ ಒಪ್ಪಿಬಿಡುತ್ತಿದ್ದರು. ಕೈಯಿಂದ ಮಾಡುವಂಥದ್ದನ್ನು ಕೈಯಿಂದಲೇ ಮಾಡಿಸಿ, ಕಾಣದ್ದಕ್ಕೆ ಮಾತ್ರ ಪರದೆ. ಪ್ರಶ್ನೆಯ ತಪ್ಪು ಆಯ್ಕೆಗಳನ್ನೂ ಸುಮ್ನೆ ಬರೆಯಬೇಡಿ. ಒಂದೊಂದು ತಪ್ಪು ಆಯ್ಕೆಯ ಹಿಂದೆಯೂ ಯಾವುದೋ ಮಗುವಿನ ನಿಜವಾದ ಯೋಚನೆ ಇರಬೇಕು. ಈಗ ನಾನು ಹಳೆಯ ಉತ್ತರ ಪತ್ರಿಕೆಗಳನ್ನು ಎಸೆಯುವುದಿಲ್ಲ. ತಪ್ಪು ಆಯ್ಕೆಗಳೆಲ್ಲ ಅಲ್ಲೇ ಸಿಗುತ್ತವೆ.

ಗುಳೆ ಹೋದ ಮಕ್ಕಳ ಮಾತು ಬೇರೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುವ ಅಪ್ಪ ಅಮ್ಮನ ಜೊತೆ ಕೆಲವರು ಹೊರಟುಬಿಡುತ್ತಾರೆ. ಅವರಿಗೆ ವಿಡಿಯೋ ಕಳಿಸಿ ನೋಡಿದೆ, ಡೇಟಾ ಸಾಲಲಿಲ್ಲ. ಪುಸ್ತಕದ ಕ್ಯೂಆರ್ ಕೋಡ್‌ನಿಂದ ಸರ್ಕಾರದ ದೀಕ್ಷಾ ಆ್ಯಪಿನ ಪಾಠ ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ನೋಡಬಹುದು, ಹೊರಡುವ ಮುಂಚೆ ಅದನ್ನು ಮಾಡಿಕೊಡುತ್ತೇನೆ. ಅದಕ್ಕಿಂತ ಹೆಚ್ಚು ಉಪಯೋಗವಾದದ್ದು ವಾಟ್ಸಾಪಿನ ಮೂರು ನಿಮಿಷದ ಧ್ವನಿ ಸಂದೇಶ. "ಪುಸ್ತಕದ ಇಂಥ ಪುಟ ತೆಗಿ, ಚಿತ್ರದ ಮೇಲೆ ಬೆರಳು ಇಡು" ಅಂತ ಶುರು ಮಾಡುತ್ತೇನೆ. ಅಪ್ಪ ಕೆಲಸ ಮುಗಿಸಿ ಬಂದ ಮೇಲೆ ಫೋನ್ ಕೈಗೆ ಸಿಗುತ್ತದೆ, ಹಾಗಾಗಿ ಕಳಿಸುವುದು ರಾತ್ರಿ ಎಂಟಕ್ಕೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಉತ್ತರವನ್ನು ಧ್ವನಿಯಲ್ಲೇ ಕಳಿಸುತ್ತಿದ್ದಳು. ಹಿಂದೆ ಕಾಂಕ್ರೀಟ್ ಮಿಕ್ಸರ್ ಸದ್ದು. ಅವಳು ಜೂನ್‌ನಲ್ಲಿ ವಾಪಸ್ ಬಂದಳು. ಬರದೇ ಹೋದವರೂ ಇದ್ದಾರೆ, ಅವರಿಗೆ ಈಗಲೂ ಫೋನ್ ಮಾಡುತ್ತೇನೆ.

ವಿದ್ಯುತ್ ಪಾಠ ಮುಗಿದ ವಾರ ಆ ಹಿಂದಿನ ಬೆಂಚಿನ ಹುಡುಗ ಸ್ಟಾಫ್ ರೂಮಿನ ಬಾಗಿಲಿಗೆ ಬಂದ. "ಮೇಡಂ, ಕಾಲುವಿಗೂ ಅಮ್ಮೀಟರ್ ಇಡಾಕ ಬರತೈತೇನ್ರಿ? ಎಲ್ಲಿ ಎಷ್ಟು ಹೋತು ಗೊತ್ತಾಗತೈತಲ್ರಿ." ಇದೆ ಕಣಪ್ಪ, ಅದಕ್ಕೆ ಗೇಜ್ ಅಂತಾರೆ, ಅಲ್ಲಲ್ಲಿ ಲೆಕ್ಕ ಇಡ್ತಾರೆ ಅಂದೆ. ನೋಡಬೇಕು ಅಂದ. ಇಡೀ ತರಗತಿ ಹೊರಡಲು ತಯಾರಾಗಿದೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೋಷ್ಟಕ ಹಾಕಿಟ್ಟಿದ್ದಾರೆ. ನಮ್ಮ ಭಾಗಕ್ಕೆ ನೀರು ಬಂದ ದಿನ ಹೋಗುತ್ತೇವೆ.