ಒಂದೇ ವರ್ಷದಲ್ಲಿ ಡಿಸ್ನಿಲ್ಯಾಂಡ್ ಕಟ್ಟಿದ್ದು ಹೇಗೆ?

1954ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನ ಆ ಜಾಗದಲ್ಲಿ ಇದ್ದದ್ದು ಕಿತ್ತಳೆ ಮತ್ತು ವಾಲ್‌ನಟ್ ಮರಗಳು. 1955ರ ಜುಲೈ 17ರಂದು ಅಲ್ಲೇ ಡಿಸ್ನಿಲ್ಯಾಂಡ್ ಎಂಬ ಮನರಂಜನಾ ಪಾರ್ಕ್ ಬಾಗಿಲು ತೆರೆಯಿತು. ಇಷ್ಟು ಬೇಗ ಹೇಗಾಯಿತು? ಕೆಲಸದ ಕ್ರಮ ನೋಡಿದರೆ ಗೊತ್ತಾಗುತ್ತದೆ.

ಮೊದಲು ದುಡ್ಡು

ಬರೀ ಮಾತಿಗೆ ಯಾರೂ ಸಾಲ ಕೊಡುವುದಿಲ್ಲ, ಅಲ್ವಾ? 1953ರ ಸೆಪ್ಟೆಂಬರ್‌ನ ಒಂದು ವಾರಾಂತ್ಯ ಕಾರ್ಟೂನ್ ಸಿನಿಮಾಗಳ ವಾಲ್ಟ್ ಡಿಸ್ನಿ ವಿವರಿಸುತ್ತಾ ಹೋದರು, ಕಲಾವಿದ ಹರ್ಬ್ ರೈಮನ್ ಇಡೀ ಪಾರ್ಕನ್ನು ಮೇಲಿನಿಂದ ಕಂಡಂತೆ ಬರೆದರು. ವಾಲ್ಟ್ ಅವರ ಅಣ್ಣ ರಾಯ್ ಆ ಚಿತ್ರ ಹಿಡಿದು ನ್ಯೂಯಾರ್ಕ್‌ಗೆ ಹೊರಟರು. ಕೊನೆಗೆ ಎಬಿಸಿ ಟಿವಿ ಸಂಸ್ಥೆ 5 ಲಕ್ಷ ಡಾಲರ್ ಹಾಕಿತು, 45 ಲಕ್ಷ ಡಾಲರ್ ಸಾಲಕ್ಕೆ ಜಾಮೀನೂ ನಿಂತಿತು. ಪ್ರತಿಯಾಗಿ ಡಿಸ್ನಿ ವಾರ ವಾರ ಟಿವಿ ಕಾರ್ಯಕ್ರಮ ಮಾಡಿಕೊಡಬೇಕು. ಹಾಗಾಗಿ ಪಾರ್ಕ್ ಮೇಲೇಳುವುದನ್ನು ಜನ ಮನೆಯಲ್ಲೇ ಕೂತು ನೋಡಿದರು.

ಇನ್ನು ಜಾಗ

ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಬಜ್ ಪ್ರೈಸ್, ಜನ ಯಾವ ದಿಕ್ಕಿಗೆ ಬೆಳೆಯುತ್ತಿದ್ದಾರೆ, ಹೊಸ ಹೆದ್ದಾರಿ ಎಲ್ಲಿ ಹಾಯುತ್ತದೆ ಎಂದೆಲ್ಲ ಲೆಕ್ಕ ಹಾಕಿದರು. ಅದರಂತೆ ಅನಹೈಮ್‌ನಲ್ಲಿ 160 ಎಕರೆ ಕೊಂಡರು.

ಹೊರಗಿನದ್ದನ್ನು ಮರೆಮಾಡುವುದು

ನನಗೆ ತುಂಬಾ ಇಷ್ಟವಾಗುವುದು ಈ ಹಂತ. ಪಾರ್ಕಿನ ಸುತ್ತ ಎತ್ತರದ ಮಣ್ಣಿನ ದಿಬ್ಬ ಹಾಕಿ, ಅದರ ಮೇಲೆ ಪುಟ್ಟ ರೈಲು ಓಡಿಸಿದರು. ಒಳಗೆ ನಿಂತವರಿಗೆ ಹೊರಗಿನ ರಸ್ತೆ ಕಾಣಬಾರದು ಅನ್ನುವುದೇ ಉದ್ದೇಶ. ಬಾಗಿಲೂ ಒಂದೇ. ಎಲ್ಲರೂ ಒಂದೇ ಬೀದಿಯಿಂದ ಒಳಗೆ ಬರುವುದರಿಂದ, ಮೊದಲು ಏನು ಕಾಣಬೇಕು ಎಂಬುದನ್ನು ಕಟ್ಟುವವರೇ ತೀರ್ಮಾನಿಸಬಹುದಿತ್ತು. ಇದು ಸಿನಿಮಾದವರ ಯೋಚನೆ. ಆ ಬೀದಿಯ ಕಟ್ಟಡಗಳಲ್ಲೂ ಅದೇ ಕೈಚಳಕ ಇದೆ: ಎತ್ತರ ಕಾಣಲೆಂದು ಮೇಲಿನ ಮಹಡಿಗಳನ್ನು ಬೇಕೆಂದೇ ಚಿಕ್ಕದು ಮಾಡಿದರು. ಪಾರ್ಕಿನೊಳಗಿನ ಕೋಟೆಯ ಕಲ್ಲುಗಳೂ ಮೇಲೆ ಹೋದಂತೆ ಸಣ್ಣಗಾಗುತ್ತವೆ. ಅದರ ಎತ್ತರ 77 ಅಡಿ ಮಾತ್ರ, ಕಣ್ಣಿಗೆ ಇನ್ನೂ ಜಾಸ್ತಿ ಅನ್ನಿಸುತ್ತದೆ.

ನೀರು, ಮರ

ಕಟ್ಟಡದ ಉಸ್ತುವಾರಿ ನೌಕಾಪಡೆಯ ನಿವೃತ್ತ ಅಧಿಕಾರಿ ಜೋ ಫೌಲರ್ ಅವರದ್ದು. ಪಾರ್ಕಿನೊಳಗೆ ನದಿ ತೋಡಿ ನೀರು ಬಿಟ್ಟರೆ, ಮರಳು ನೆಲ ಅಷ್ಟನ್ನೂ ಕುಡಿದುಬಿಟ್ಟಿತು! ತಳಕ್ಕೆ ಜೇಡಿಮಣ್ಣು ಹಾಸಿದ ಮೇಲೆ ನೀರು ನಿಂತಿತು.

ಗಿಡಮರಗಳ ಹೊಣೆ ಹೊತ್ತ ಬಿಲ್ ಇವಾನ್ಸ್, ಹೆದ್ದಾರಿ ಕೆಲಸಕ್ಕಾಗಿ ಕಡಿದು ಹೋಗಬೇಕಿದ್ದ ಮರಗಳನ್ನು ಬೇರುಸಹಿತ ಎತ್ತಿ ತಂದರು. ತೋಟದ ಕೆಲವು ವಾಲ್‌ನಟ್ ಮರಗಳನ್ನು ತಲೆಕೆಳಗಾಗಿ ನೆಟ್ಟರು. ಮೇಲೆ ಹರಡಿದ ಬೇರುಗಳಿಂದ ಕಾಡಿನ ದೋಣಿಯಾನದ ಆಟಕ್ಕೆ, ನೀರಂಚಿನಲ್ಲಿ ಬೇರು ಚಾಚಿ ಬೆಳೆಯುವ ಮ್ಯಾಂಗ್ರೋವ್ ಮರಗಳ ನೋಟ ಸಿಕ್ಕಿತು. ಕೈಯಲ್ಲಿದ್ದುದನ್ನೇ ಬಳಸಿದ ಈ ಜಾಣತನಕ್ಕೆ ಭೇಷ್ ಅನ್ನಲೇಬೇಕು.

ಬಾಗಿಲು ತೆರೆದ ದಿನ

ಖರ್ಚು 1.7 ಕೋಟಿ ಡಾಲರ್ ಮುಟ್ಟಿತ್ತು. ಕೊಳಾಯಿ ಕೆಲಸಗಾರರ ಮುಷ್ಕರದಿಂದ ಶೌಚಾಲಯವೋ, ಕುಡಿಯುವ ನೀರಿನ ನಲ್ಲಿಯೋ, ಒಂದನ್ನೇ ಮುಗಿಸಲು ಸಾಧ್ಯವಿತ್ತು. ವಾಲ್ಟ್ ಶೌಚಾಲಯ ಆರಿಸಿದರು. ಸುಡುಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಕೊಂಡಿತು. ನಕಲಿ ಟಿಕೆಟ್ ಹಿಡಿದು ಬಂದವರೂ ಬಹಳ. ಇವೆಲ್ಲದರ ನಡುವೆ ಟಿವಿಯಲ್ಲಿ ನೇರ ಪ್ರಸಾರ ಬೇರೆ!

ಆ ದಿನಕ್ಕೆ ಮುಗಿಯದಿದ್ದ ಆಟಗಳನ್ನು ಒಂದೊಂದಾಗಿ ಆಮೇಲೆ ಶುರು ಮಾಡಿದರು. ಹಾರುವ ಆನೆ ಡಂಬೊ ಆಗಸ್ಟ್‌ನಲ್ಲಿ ಸೇರಿತು. ಸೆಪ್ಟೆಂಬರ್ ಮೊದಲ ಭಾಗದ ಹೊತ್ತಿಗೆ 10 ಲಕ್ಷ ಜನ ಬಂದು ಹೋಗಿದ್ದರು.