ಮಳೆಗಾಲದ ಘಾಟಿ ದಾರಿಯಲ್ಲಿ ಹೆಲ್ಮೆಟ್ ಗಾಜು ಮಬ್ಬಾಗದಂತೆ ನೋಡಿಕೊಳ್ಳುವುದು

ಜುಲೈ ತಿಂಗಳ ಸಂಜೆಯಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಬೈಕಿನಲ್ಲಿ ಇಳಿದವರಿಗೆ ಈ ತೊಂದರೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ನೇರ ರಸ್ತೆಯಲ್ಲಿ ಬರುವಾಗ ತಿಳಿಯಾಗಿದ್ದ ಹೆಲ್ಮೆಟ್ ಗಾಜು, ತಿರುವಿನಲ್ಲಿ ಎದುರಾದ ಬಸ್ಸಿಗೆ ದಾರಿ ಬಿಡಲೆಂದು ವೇಗ ತಗ್ಗಿಸಿ ಕಾಲೂರುವಷ್ಟರಲ್ಲಿ ಬೆಳ್ಳಗಾಗಿರುತ್ತದೆ. ಬಸ್ಸಿನ ದೀಪಗಳು ಎರಡು ಹಳದಿ ಉಂಡೆಗಳಾಗಿ ಹರಡಿಕೊಳ್ಳುತ್ತವೆ; ಡಾಂಬರು ಎಲ್ಲಿ ಮುಗಿದು ಚರಂಡಿ ಎಲ್ಲಿ ಶುರುವಾಯಿತೆಂಬುದೇ ತಿಳಿಯುವುದಿಲ್ಲ. ನಾನು ಮೊದಲ ಸಲ ಹಾಗೆ ಸಿಕ್ಕಿಬಿದ್ದಾಗ ಕೈಗವಸಿನ ಹೆಬ್ಬೆರಳನ್ನು ಒಳಗೆ ತೂರಿಸಿ ಗಾಜನ್ನು ಒರೆಸಿಕೊಳ್ಳುತ್ತ ಸೋಮೇಶ್ವರದವರೆಗೂ ಇಳಿದೆ. ಕೈಗವಸಿಗೆ ಅಂಟಿದ್ದ ಮರಳಿನ ಕಣಗಳು ಅಂದು ಎಳೆದ ಗೀರುಗಳು, ಆ ಗಾಜನ್ನು ಬದಲಿಸುವವರೆಗೂ, ರಾತ್ರಿಯಲ್ಲಿ ಎದುರು ಬರುವ ಪ್ರತಿಯೊಂದು ದೀಪವನ್ನೂ ಜೇಡರ ಬಲೆಯಂತೆ ಒಡೆದು ತೋರಿಸುತ್ತಿದ್ದವು.

ಉಪಾಯಕ್ಕೆ ಕೈಹಾಕುವ ಮೊದಲು ಮಬ್ಬು ಗಾಜಿನ ಯಾವ ಮೈಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಗಾಡಿ ನಿಲ್ಲಿಸಿ ಹೊರಮೈಯ ಒಂದು ಮೂಲೆಯಲ್ಲಿ ಬೆರಳೆಳೆಯಿರಿ. ಗೆರೆ ತಿಳಿಯಾಗಿ ಕಂಡರೆ ಅದು ಹೊರಗಿನ ಮಂಜು ಅಥವಾ ತುಂತುರು. ಗೆರೆಯೇ ಕಾಣದಿದ್ದರೆ ಅದು ನಿಮ್ಮದೇ ಉಸಿರು. ಮೋಡವೇ ರಸ್ತೆಗಿಳಿದಂತಿರುವ ಕಡೆಗಳಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಕೊಟ್ಟಿಗೆಹಾರದ ಥಂಡಿಯಲ್ಲಿ ತಣ್ಣಗಾದ ಗಾಜು ಚಾರ್ಮಾಡಿ ಘಾಟಿ ಇಳಿದು ಉಜಿರೆಯ ಕಡೆಯ ಬೆಚ್ಚನೆಯ ತೇವದ ಗಾಳಿಗೆ ಬಂದಾಗ ಹೊರಮೈಯೂ ಸ್ವಲ್ಪ ಹೊತ್ತು ಬೆವರಬಹುದು. ಅದು ಗಾಜು ಬೆಚ್ಚಗಾದೊಡನೆ ತಾನೇ ಹೋಗುತ್ತದೆ. ಹೊರಗಿನದಕ್ಕೆ ಒರೆಸುವುದೊಂದೇ ದಾರಿ. ಕೆಲವು ಕೈಗವಸುಗಳ ಎಡ ಹೆಬ್ಬೆರಳಿಗೆ ಇದಕ್ಕೆಂದೇ ಸಣ್ಣ ರಬ್ಬರ್ ಪಟ್ಟಿ ಹೊಲಿದಿರುತ್ತಾರೆ. ಮುಂದೆ ಹೇಳುವುದೆಲ್ಲ ಒಳಮೈಯ ಮಬ್ಬಿಗೆ ಸಂಬಂಧಿಸಿದ್ದು.

ನಾವು ಬಿಡುವ ಉಸಿರು ಸುಮಾರು 34 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದು, ಹೆಚ್ಚುಕಡಿಮೆ ಹಿಡಿಸುವಷ್ಟೂ ನೀರಾವಿಯನ್ನು ಹೊತ್ತಿರುತ್ತದೆ. ಆ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 37 ಗ್ರಾಂ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 20 ಡಿಗ್ರಿಗೆ ಇಳಿದರೆ ಅದರ ಶಕ್ತಿ ಸುಮಾರು 17 ಗ್ರಾಂ ಮಾತ್ರ. ಹೆಚ್ಚಾದ ಆವಿ ಎಲ್ಲಾದರೂ ನೀರಾಗಿ ಕೂರಲೇಬೇಕು, ಮತ್ತು ಹೆಲ್ಮೆಟ್ಟಿನೊಳಗೆ ಎಲ್ಲಕ್ಕಿಂತ ತಣ್ಣಗಿರುವುದು ಹೊರಗಿನ ಮಳೆ-ಗಾಳಿಗೆ ಒಡ್ಡಿಕೊಂಡಿರುವ ಆ ತೆಳುವಾದ ಗಾಜು. ನಾವು ಗಾಜೆಂದು ಕರೆದರೂ ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಅದರ ಮೈ ನೀರನ್ನು ಹರಡಗೊಡದೆ ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಹನಿಗಳಾಗಿ ನಿಲ್ಲಿಸುತ್ತದೆ. ಆ ಹನಿಗಳು ಬೆಳಕನ್ನು ದಿಕ್ಕಾಪಾಲಾಗಿ ಚದುರಿಸುವುದರಿಂದಲೇ ಗಾಜು ಬೆಳ್ಳಗೆ ಕಾಣುತ್ತದೆ. ಆದ್ದರಿಂದ ಮಾಡಬಹುದಾದ ಕೆಲಸಗಳು ಇಷ್ಟೇ: ಉಸಿರು ಗಾಜಿಗೆ ತಾಗದಂತೆ ನೋಡುವುದು, ತಾಗಿದ್ದನ್ನು ಗಾಳಿಯಿಂದ ಹೊರಗೆ ಸಾಗಿಸುವುದು, ಕೂತ ನೀರು ಹನಿಗಟ್ಟದೆ ಹಾಳೆಯಂತೆ ಹರಡಿಕೊಳ್ಳುವಂತೆ ಮಾಡುವುದು, ಇಲ್ಲವೇ ಗಾಜಿನ ಒಳಮೈಯನ್ನೇ ಬೆಚ್ಚಗಿಡುವುದು. ಅಂಗಡಿಗೆ ಹೋಗಿ ಆಂಟಿ-ಫಾಗ್ ಸ್ಪ್ರೇ ಕೇಳುವವರು ಸಾಮಾನ್ಯವಾಗಿ ಮೂರನೆಯದರಿಂದ ಆರಂಭಿಸುತ್ತಾರೆ. ನನ್ನ ಅನುಭವದಲ್ಲಿ ಮೊದಲೆರಡನ್ನು ಸರಿಮಾಡಿಕೊಳ್ಳದೆ ಯಾವ ಸ್ಪ್ರೇಯೂ ಘಾಟಿ ದಾಟಿಸುವುದಿಲ್ಲ.

ಪೂರ್ಣ ಮುಖ ಮುಚ್ಚುವ ಹೆಲ್ಮೆಟ್ಟುಗಳಲ್ಲಿ ಮೂಗಿನ ಮುಂದೆ ಸಿಕ್ಕಿಸುವ ಕಪ್ಪು ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಸಣ್ಣ ತುಂಡೊಂದು ಬರುತ್ತದೆ. ಅದನ್ನು ಬ್ರೆತ್ ಗಾರ್ಡ್ ಎನ್ನುತ್ತಾರೆ. ಮೂಗಿಗೆ ತಾಗುತ್ತದೆಂದು ಬಹಳ ಮಂದಿ ಅದನ್ನು ಕಿತ್ತು ಡಬ್ಬದಲ್ಲೇ ಬಿಟ್ಟಿರುತ್ತಾರೆ. ಹುಡುಕಿ ತಂದು ಹಾಕಿಕೊಳ್ಳಿ. ಉಸಿರನ್ನು ಕೆಳಕ್ಕೆ ತಿರುಗಿಸುವ ಆ ತುಂಡು, ಬರೀ ಮೂಗಿನ ಸೇತುವೆಗೆ ಒತ್ತಿ ಕೂತರೆ ಸಾಲದು, ಎರಡೂ ಕೆನ್ನೆಯ ಕಡೆಗೂ ಸಂದಿಲ್ಲದಂತೆ ಕೂರಬೇಕು. ಇದರ ಜೊತೆಗೆ ಗಲ್ಲದ ಕೆಳಗೆ ಸಿಕ್ಕಿಸುವ ಬಟ್ಟೆಯ ಪರದೆಯೂ ಕೆಲವು ಹೆಲ್ಮೆಟ್ಟುಗಳಲ್ಲಿರುತ್ತದೆ. ಅದು ಚಳಿಗೂ ಸದ್ದಿಗೂ ಒಳ್ಳೆಯದು. ಆದರೆ ಬ್ರೆತ್ ಗಾರ್ಡ್ ಕೆಳಕ್ಕೆ ತಳ್ಳಿದ ಉಸಿರು ಹೊರಹೋಗಬೇಕಾದ ದಾರಿಯನ್ನೇ ಅದು ಮುಚ್ಚುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಅದನ್ನು ತೆಗೆದಿಡುವುದೇ ಲೇಸು. ಮೂಗು ಮುಚ್ಚುವಂತೆ ಬಾಲಾಕ್ಲಾವಾ ಅಥವಾ ಕರ್ಚೀಫು ಕಟ್ಟಿಕೊಳ್ಳುವವರ ಉಸಿರೂ ಬಟ್ಟೆಯ ಮೇಲಂಚಿನಿಂದ ನೇರವಾಗಿ ಗಾಜಿಗೇ ನುಗ್ಗುತ್ತದೆ. ಬಟ್ಟೆಯನ್ನು ಮೂಗಿನಿಂದ ಕೆಳಗಿಳಿಸಿದರೆ ಅರ್ಧ ತೊಂದರೆ ಅಲ್ಲಿಯೇ ಮುಗಿಯುತ್ತದೆ.

ಉಸಿರಾಡುವ ರೀತಿಯೂ ಮುಖ್ಯವೇ. ಬಾಯಿಯಿಂದ ಉಸಿರು ಬಿಡುವುದು, ಬ್ಲೂಟೂತಿನಲ್ಲಿ ಮಾತನಾಡುತ್ತ ಹೋಗುವುದು, ಹಾಡಿಕೊಳ್ಳುವುದು, ಇವೆಲ್ಲ ಗಾಜನ್ನು ಬೇಗ ಮಬ್ಬಾಗಿಸುತ್ತವೆ. ಸಿಗ್ನಲ್ಲಿನಲ್ಲೋ ತಿರುವಿನಲ್ಲೋ ನಿಂತಾಗ ಮೇಲ್ದುಟಿಯನ್ನು ತುಸು ಮುಂದೆ ಚಾಚಿ ಕೆಳಕ್ಕೆ ಊದಿದರೆ ಉಸಿರು ಗಲ್ಲದ ಕಡೆಗೆ ಹೋಗುತ್ತದೆ. ಯಾರಾದರೂ ನೋಡಿದರೆ ನಗೆಪಾಟಲಾದೀತು. ಹೆಲ್ಮೆಟ್ಟಿನೊಳಗೆ ನೋಡುವವರು ಯಾರೂ ಇಲ್ಲವೆಂಬುದೇ ಸಮಾಧಾನ.

ಇನ್ನು ಗಾಳಿಯ ಮಾತು. ಗಲ್ಲದ ಮುಂದಿನ ಕಿಂಡಿಯಿಂದ ಬಂದ ಗಾಳಿ ಗಾಜಿನ ಒಳಮೈಯನ್ನು ಸವರಿ ಮೇಲಕ್ಕೆ ಹೋಗಿ ಹಿಂಬದಿಯ ಕಿಂಡಿಯಿಂದ ಹೊರಬೀಳುವಂತೆ ಹೆಲ್ಮೆಟ್ಟನ್ನು ಮಾಡಿರುತ್ತಾರೆ. ಮಳೆ ಬಂದೊಡನೆ ಎಲ್ಲ ಕಿಂಡಿಗಳನ್ನೂ ಮುಚ್ಚುವುದು ನಮ್ಮ ಸಹಜ ಪ್ರವೃತ್ತಿ, ಮತ್ತು ಅದೇ ತಪ್ಪು. ನೆತ್ತಿಯ ಕಿಂಡಿಯನ್ನು ಬೇಕಾದರೆ ಮುಚ್ಚಿ. ಗಲ್ಲದ್ದನ್ನೂ ಹಿಂದಿನದನ್ನೂ ತೆರೆದೇ ಇಡಿ. ಗಾಜಿನ ಕೀಲಿನಲ್ಲಿ ಹಲ್ಲುಗಳಿದ್ದು, ಮೊದಲ ಹಲ್ಲಿಗೆ ಎತ್ತಿದರೆ ಕೆಲವೇ ಮಿಲಿಮೀಟರಿನಷ್ಟು ಸಂದಿ ಬಿಡುತ್ತದೆ. ನಿಧಾನವಾಗಿ ಹೋಗುವಾಗ ಈ ಸಂದಿ ಬಹಳ ಉಪಕಾರಿ. ನಾನು ಘಾಟಿಯಲ್ಲಿ ಪ್ರತಿ ತಿರುವಿಗೆ ಬರುವ ಮೊದಲೇ, ಅಂದರೆ ಗಾಜು ಇನ್ನೂ ತಿಳಿಯಾಗಿರುವಾಗಲೇ, ಎಡಗೈಯಿಂದ ಒಂದು ಹಲ್ಲು ಎತ್ತಿ, ಮತ್ತೆ ವೇಗ ಹಿಡಿದ ಮೇಲೆ ಮುಚ್ಚುತ್ತೇನೆ. ಮಬ್ಬು ಕವಿದ ಮೇಲೆ ಎತ್ತಿದರೆ ಅದು ಆರಲು ಸಮಯ ಬೇಕಾಗುತ್ತದೆ, ತಿರುವು ಅಷ್ಟು ಹೊತ್ತು ಕಾಯುವುದಿಲ್ಲ.

ಬಹಳ ಜನ ಗಮನಿಸದ ಇನ್ನೊಂದು ಮೂಲವೆಂದರೆ ಹೆಲ್ಮೆಟ್ಟಿನ ಒಳಗಿನ ಒದ್ದೆ ಮೆತ್ತೆ. ನಿನ್ನೆಯ ಮಳೆಯಲ್ಲಿ ನೆನೆದ ಸ್ಪಂಜು ಇಂದು ಬೆಳಿಗ್ಗೆ ತಲೆಯ ಬಿಸಿಗೆ ಆವಿ ಬಿಡುತ್ತಲೇ ಇರುತ್ತದೆ. ಆಗ ಬ್ರೆತ್ ಗಾರ್ಡ್ ಇದ್ದೂ ಉಪಯೋಗವಿಲ್ಲ. ಕಳಚಲು ಬರುವ ಕೆನ್ನೆಯ ಮೆತ್ತೆಗಳನ್ನು ರಾತ್ರಿಯೇ ಬಿಚ್ಚಿ ಫ್ಯಾನಿನ ಕೆಳಗೆ ಹರಡಿ, ಚಿಪ್ಪಿನೊಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಮುದ್ದೆ ಮಾಡಿ ತುಂಬಿಡಿ. ಮಲೆನಾಡಿನ ಮನೆಗಳಲ್ಲಿ ಒದ್ದೆ ಬಟ್ಟೆಯನ್ನು ಬಚ್ಚಲ ಒಲೆಯ ಮೇಲೆ ಹರವುವ ರೂಢಿಯಿದೆ. ಹೆಲ್ಮೆಟ್ಟನ್ನು ಮಾತ್ರ ಅಲ್ಲಿ ತೂಗುಹಾಕಬೇಡಿ. ಬಿದ್ದಾಗ ತಲೆಯನ್ನು ಕಾಯುವುದು ಒಳಗಿನ ಥರ್ಮಾಕೋಲಿನ ಪದರ, ಬಿಸಿ ತಾಗಿದರೆ ಅದು ಮೆತ್ತಗಾಗಿ ಕುಗ್ಗುತ್ತದೆ, ಮತ್ತು ಹೊರಗಿನಿಂದ ನೋಡಿದರೆ ಅದು ಗೊತ್ತಾಗುವುದೂ ಇಲ್ಲ.

ಈಗ ಗಾಜಿನ ಮೈಗೆ ಬರೋಣ. ಇಲ್ಲಿಂದ ಮುಂದಿನ ಕೆಲಸವನ್ನು ಗಾಜು ಕಳಚಿಕೊಂಡೇ ಮಾಡುವುದು ಉತ್ತಮ. ಮೊದಲು ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯನ್ನು ಹೊರಮೈಯ ಮೇಲೆ ಹತ್ತು ನಿಮಿಷ ಹಾಸಿಡಿ. ಒಣಗಿದ ಹುಳು, ಕೆಸರು ನೆನೆದು ಬಿಡುತ್ತವೆ, ಉಜ್ಜುವ ಅಗತ್ಯ ಬೀಳುವುದಿಲ್ಲ. ಬಳಿಕ ಬೆರಳ ತುದಿಯಷ್ಟು ಪಾತ್ರೆ ತೊಳೆಯುವ ಲಿಕ್ವಿಡ್ಡನ್ನೋ ಮಕ್ಕಳ ಶಾಂಪೂವನ್ನೋ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಎರಡೂ ಕಡೆ ಬರಿಗೈಯಿಂದ ಸವರಿ ತೊಳೆಯಿರಿ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ಜಿಡ್ಡು ಬೆರಳಿನಿಂದ ಒಳಮೈಗೆ ಸೇರಿರುತ್ತದೆ, ಅದು ಪೂರ್ತಿ ಹೋಗದಿದ್ದರೆ ಮುಂದೆ ಹಚ್ಚುವುದೇನೂ ಸಮನಾಗಿ ಹಿಡಿಯುವುದಿಲ್ಲ. ಗಾಜು ಒರೆಸುವ ಅಮೋನಿಯಾ ಬೆರೆತ ದ್ರಾವಣ, ಥಿನ್ನರ್, ಪೆಟ್ರೋಲು ಇವನ್ನು ಹತ್ತಿರಕ್ಕೂ ತರಬೇಡಿ. ಪಾಲಿಕಾರ್ಬೊನೇಟ್ ಅವುಗಳಿಂದ ಮಸುಕಾಗುತ್ತದೆ, ಕಣ್ಣಿಗೆ ಕಾಣದ ಸಣ್ಣ ಬಿರುಕು ಬಿಡುತ್ತದೆ. ಒಮ್ಮೆ ಗ್ಯಾರೇಜಿನಲ್ಲಿ ಹುಡುಗನೊಬ್ಬ ಉಪಕಾರ ಮಾಡಲೆಂದು ಪೆಟ್ರೋಲು ಅದ್ದಿದ ಬನಿಯನ್ ಬಟ್ಟೆಯಿಂದ ನನ್ನ ಗಾಜನ್ನು ಒರೆಸಿಕೊಟ್ಟ. ಅಂದು ಫಳಫಳ ಹೊಳೆಯಿತು, ವಾರದೊಳಗೆ ಅಂಚಿನಲ್ಲಿ ನರದಂಥ ಗೆರೆಗಳೆದ್ದವು.

ತೊಳೆದು ಒಣಗಿದ ಮೇಲೆ ಅದೇ ಲಿಕ್ವಿಡ್ಡಿನ ಒಂದೇ ಒಂದು ಹನಿಯನ್ನು ನೀರು ಬೆರೆಸದೆ ಒಳಮೈಯ ನಡುವೆ ಬಿಟ್ಟು, ಬೆರಳಿನಿಂದ ಅಂಚಿನವರೆಗೂ ತೆಳ್ಳಗೆ ಹರಡಿ. ಗಾಜು ಪೂರಾ ಎಣ್ಣೆ ಬಳಿದಂತೆ ಕಾಣುತ್ತದೆ. ಹಾಗೆಯೇ ಐದು ನಿಮಿಷ ಆರಲು ಬಿಟ್ಟು, ಒಣ ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ, ಗಾಜು ತಿಳಿಯಾಗಿ ಕಾಣುವವರೆಗೆ ಮಾತ್ರ ಒರೆಸಿ, ನೀರಿನಿಂದ ತೊಳೆಯಬಾರದು. ಕಣ್ಣಿಗೆ ಕಾಣದಿದ್ದರೂ ತೆಳುವಾದ ಸಾಬೂನಿನ ಪದರ ಉಳಿದಿರುತ್ತದೆ. ಅದು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವುದರಿಂದ ಆವಿ ಹನಿಗಟ್ಟದೆ ಹಾಳೆಯಾಗಿ ಹರಡಿಕೊಳ್ಳುತ್ತದೆ, ಅದರ ಮೂಲಕ ದಾರಿ ಕಾಣುತ್ತದೆ. ಸರಿಯಾಗಿದೆಯೇ ಎಂದು ನೋಡಲು ಬಿಸಿ ಕಾಫಿಯ ಲೋಟದ ಮೇಲೆ ಗಾಜನ್ನು ಹಿಡಿಯಿರಿ. ಎಲ್ಲಿ ಬೆಳ್ಳಗಾಯಿತೋ ಅಲ್ಲಿ ಪದರ ಹಿಡಿದಿಲ್ಲ. ಈ ಲೇಪ ಒಂದೆರಡು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ, ಜೋರು ಮಳೆಯಲ್ಲಿ ಒಂದೇ ಸವಾರಿಗೆ ಮುಗಿಯುತ್ತದೆ. ಅಂಗಡಿಯ ಸ್ಪ್ರೇಗಳೂ ಬಹುಮಟ್ಟಿಗೆ ಇದೇ ತತ್ವದವು, ಸ್ವಲ್ಪ ಹೆಚ್ಚು ಬಾಳಿಕೆ ಬರಬಹುದು. ಕೊಳ್ಳುವಾಗ ಪಾಲಿಕಾರ್ಬೊನೇಟಿಗೆ ಆಗುತ್ತದೆಂದು ಬರೆದಿದೆಯೇ ಎಂದು ನೋಡಿದರೆ ಸಾಕು. ಶೇವಿಂಗ್ ಫೋಮ್ ಕೆಲಸ ಮಾಡುತ್ತದೆ. ಹಸಿ ಆಲೂಗಡ್ಡೆ ತಿಕ್ಕುವುದು ಕೂಡ ತಕ್ಕಮಟ್ಟಿಗೆ ನಡೆಯುತ್ತದೆ, ಆದರೆ ರಾತ್ರಿ ದೀಪದ ಬೆಳಕಿನಲ್ಲಿ ಹಿಟ್ಟಿನ ಪಟ್ಟೆಗಳು ಕಾಣುತ್ತವೆ. ಹಲ್ಲುಪುಡಿ, ಟೂತ್‌ಪೇಸ್ಟುಗಳು ಮಾತ್ರ ಬೇಡವೇ ಬೇಡ, ಅವು ಉಜ್ಜಿ ಸವೆಸಲೆಂದೇ ಮಾಡಿದವು.

ಪ್ರತಿ ಮಳೆಗಾಲದಲ್ಲೂ ಘಾಟಿ ಹತ್ತಿಳಿಯುವವರು ಪಿನ್‌ಲಾಕ್‌ಗೆ ಹಣ ಹಾಕುವುದು ಸರಿ ಎಂಬುದು ನನ್ನ ಅಭಿಪ್ರಾಯ. ಇದು ಗಾಜಿನ ಒಳಗೆ ಕೂರುವ ಎರಡನೆಯ ತೆಳು ಹಾಳೆ. ಅದರ ಅಂಚಿನ ಸುತ್ತ ಸಿಲಿಕೋನಿನ ಸಣ್ಣ ಏರು ಇದ್ದು, ಗಾಜಿಗೆ ಒತ್ತಿ ಕೂತಾಗ ಎರಡರ ನಡುವೆ ಗಾಳಿಯ ಪದರವೊಂದು ಸಿಕ್ಕಿಕೊಳ್ಳುತ್ತದೆ. ಆ ಗಾಳಿ ಹೊರಗಿನ ಥಂಡಿಯನ್ನು ತಡೆಯುವುದರಿಂದ ಒಳಹಾಳೆ ಬೆಚ್ಚಗೇ ಉಳಿಯುತ್ತದೆ. ಮೇಲಾಗಿ ಆ ಹಾಳೆ ತೇವವನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಇದನ್ನು ಹಿಡಿಯಲು ಗಾಜಿನ ಎರಡೂ ಬದಿಯಲ್ಲಿ ಪಿನ್ನುಗಳಿರಬೇಕು. ಇಲ್ಲದ ಗಾಜಿಗೆ ನೀವೇ ತೂತು ಕೊರೆಯಬೇಡಿ. ಅದೇ ಕಂಪನಿಯವರು ಅದೇ ಮಾದರಿಗೆ ಪಿನ್ನಿರುವ ಗಾಜನ್ನು ಕೊಡುತ್ತಾರೆಯೇ ಎಂದು ವಿಚಾರಿಸಿ.

ಕೂರಿಸುವಾಗ ಸಿಲಿಕೋನ್ ಏರು ಗಾಜಿನ ಕಡೆಗಿರಬೇಕು. ಗಾಜನ್ನು ಎರಡು ಕೈಯಿಂದ ಮೆಲ್ಲನೆ ಚಪ್ಪಟೆಯಾಗಿಸಿ ಹಾಳೆಯನ್ನು ಒಂದು ಪಿನ್ನಿಗೆ ಸಿಕ್ಕಿಸಿ, ಇನ್ನೊಂದಕ್ಕೆ ಎಳೆದು ಕೂರಿಸಿ. ರಕ್ಷಣೆಯ ತೆಳು ಪ್ಲಾಸ್ಟಿಕ್ಕನ್ನು ಕೊನೆಗೆ ಸುಲಿಯಿರಿ. ಬೆಳಕಿಗೆ ಹಿಡಿದು ನೋಡಿದರೆ ಏರು ಗಾಜಿಗೆ ತಾಗಿರುವ ಕಡೆಯೆಲ್ಲ ಕಡಿಯದ ಗೆರೆಯೊಂದು ಕಾಣಬೇಕು. ಎಲ್ಲಿಯಾದರೂ ಗೆರೆ ತುಂಡಾಗಿದ್ದರೆ ತೇವ ಅಲ್ಲಿಂದಲೇ ನುಸುಳಿ ಎರಡರ ನಡುವೆ ಮಬ್ಬು ಕಟ್ಟುತ್ತದೆ, ಅದನ್ನು ದಾರಿಯಲ್ಲಿ ಒರೆಸಲೂ ಆಗದು. ಪಿನ್ನುಗಳ ನಡು ಸರಿಯಾಗಿ ಮಧ್ಯದಲ್ಲಿರುವುದಿಲ್ಲ. ಅವನ್ನು ಸ್ವಲ್ಪ ತಿರುಗಿಸಿದರೆ ಹಾಳೆ ಬಿಗಿಯಾಗುತ್ತದೆ. ಒದ್ದೆಯಾದ ಹಾಳೆ ಮೆತ್ತಗಿರುವುದರಿಂದ ಬೇಗ ಗೀರು ಬೀಳುತ್ತದೆ, ಆಗ ಮುಟ್ಟದೆ ನೆರಳಿನಲ್ಲಿ ಆರಲು ಬಿಡಿ. ಮೇಲೆ ಹೇಳಿದ ಸಾಬೂನಿನ ಲೇಪವನ್ನಾಗಲಿ ಸ್ಪ್ರೇಯನ್ನಾಗಲಿ ಇದಕ್ಕೆ ಹಚ್ಚಬಾರದು. ಇಡೀ ದಿನದ ಮಳೆಯಲ್ಲಿ ಇದೂ ಹೀರುವಷ್ಟು ಹೀರಿ ಸೋಲುತ್ತದೆ. ಆದ್ದರಿಂದ ಇದಿದ್ದರೂ ಗಲ್ಲದ ಕಿಂಡಿ ತೆರೆದೇ ಇರಬೇಕು. ರಾತ್ರಿಯಲ್ಲಿ ಎದುರಿನ ದೀಪಗಳು ಒಂದಕ್ಕೆರಡಾಗಿ ಕಂಡರೆ ಗಾಬರಿಯಾಗಬೇಡಿ, ಅದು ಎರಡು ಪದರಗಳ ಪ್ರತಿಫಲನ.

ಕನ್ನಡಕದವರ ಕಷ್ಟ ಇಮ್ಮಡಿ. ಗಾಜು ತಿಳಿಯಾಗಿದ್ದರೂ ಕನ್ನಡಕ ಮಬ್ಬಾಗುತ್ತದೆ, ಅಲ್ಲಿಗೆ ಗಾಳಿಯೂ ಸರಿಯಾಗಿ ಮುಟ್ಟುವುದಿಲ್ಲ. ಅವರಿಗೆ ಬ್ರೆತ್ ಗಾರ್ಡ್ ಎಲ್ಲಕ್ಕಿಂತ ಮುಖ್ಯ, ಕನ್ನಡಕಕ್ಕೂ ಅದೇ ಸಾಬೂನಿನ ಲೇಪ ನಡೆಯುತ್ತದೆ. ಕನ್ನಡಕಕ್ಕೆ ವಿಶೇಷ ಲೇಪ ಮಾಡಿಸಿದ್ದರೆ ಮಾತ್ರ ಮೊದಲು ಕನ್ನಡಕದ ಅಂಗಡಿಯಲ್ಲಿ ಕೇಳಿಕೊಳ್ಳಿ. ಕಪ್ಪು ಬಣ್ಣದ ಗಾಜನ್ನು ಮಳೆಗಾಲದ ಸಂಜೆಗೆ ಯಾರೂ ಬಳಸಬಾರದು. ಮಬ್ಬಿಗೆ ಕತ್ತಲೂ ಸೇರಿದರೆ ಯಾವ ಉಪಾಯವೂ ಉಳಿಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಘಾಟಿಯ ನಡುವೆ ಗಾಜು ಕೈಕೊಟ್ಟರೆ, ಓಡಿಸುತ್ತಲೇ ಒರೆಸಲು ಹೋಗಬೇಡಿ. ಗಾಜನ್ನು ಎತ್ತಿ, ಇಂಡಿಕೇಟರ್ ಹಾಕಿ, ತಿರುವನ್ನು ಪೂರ್ತಿ ದಾಟಿ ಹಿಂದಿನಿಂದ ಬರುವವರಿಗೆ ನೀವು ದೂರದಿಂದಲೇ ಕಾಣುವಂಥ ನೇರ ಜಾಗದಲ್ಲಿ, ಬೆಟ್ಟದಿಂದ ಕಲ್ಲುಮಣ್ಣು ಉದುರದ ಕಡೆ ನೋಡಿ ನಿಲ್ಲಿಸಿ. ಹೆಲ್ಮೆಟ್ ತೆಗೆದು ತಲೆಯ ಬೆವರನ್ನೂ ಒರೆಸಿಕೊಳ್ಳಿ. ಜಾಕೆಟ್ಟಿನ ಒಳಜೇಬಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿಟ್ಟ ಒಣ ಮೈಕ್ರೋಫೈಬರ್ ಬಟ್ಟೆಯೊಂದಿದ್ದರೆ ಒಳಮೈಯನ್ನು ಒತ್ತಿ ತೇವ ಹೀರಿಸಿ, ಉಜ್ಜಬೇಡಿ. ನಾನು ಅದೇ ಚೀಲದಲ್ಲಿ ಹಳೆಯ ಕಣ್ಣಿನ ಔಷಧಿಯ ಬಾಟಲಿಯೊಂದನ್ನು ಚೆನ್ನಾಗಿ ತೊಳೆದು ಪಾತ್ರೆಯ ಲಿಕ್ವಿಡ್ ತುಂಬಿ, ಮೇಲೆ "ಸಾಬೂನು" ಎಂದು ದೊಡ್ಡದಾಗಿ ಬರೆದು ಇಟ್ಟುಕೊಂಡಿದ್ದೇನೆ. ಒಂದು ಹನಿ ಹಚ್ಚಿ, ಅದು ಆರುವಷ್ಟು ಹೊತ್ತು ನಿಂತರೆ ಉಳಿದ ತಿರುವುಗಳಿಗೆ ಸಾಕಾಗುತ್ತದೆ.